ಮನೆಗೊಂದೇ ಬಾಯಿ

"ಲೇ ಲೌಡಿ, ಕತ್ತರಿ ಕೆಳಗಿಟ್ಟು ಆ ಕೋಟಿನ ಜೇಬಲ್ಲಿ ಏನ್ ಹುಡುಕ್ತಿದೀಯ? ನಿನ್ ಗಂಡ ಅದ್ರೊಳಗೆ ಮುದುರ್ಕೊಂಡು ಕೂತಿದಾನಾ?"

ಸಾಹುಕಾರನ ಮಾತಿಗೆ ಗೋದಾಮಿನ ಹಮಾಲರು ಹಲ್ಲು ಕಿರಿದರು. ಸೊಸೆ ಜೇಬಿನಿಂದ ಕೈ ತೆಗೆದು ಮತ್ತೆ ಕತ್ತರಿ ಹಿಡಿದಳು. ಹೆತ್ತವರು ಇಟ್ಟ ಹೆಸರು ಅವಳಿಗೂ ಇತ್ತು. ಆದರೆ ಮನೆಯೊಳಗಿಂದ ಅತ್ತೆ ದಿನವಿಡೀ "ಸೊಸೇ, ಸೊಸೇ" ಎಂದು ಕೂಗಿ ಕೂಗಿ ಇಡೀ ಓಣಿಗೇ ಅವಳು ಸೊಸೆಯಾಗಿಬಿಟ್ಟಿದ್ದಳು.

ಸಮುದ್ರದಾಚೆಯ ಖಂಡದಲ್ಲಿ ಜನ ತೊಟ್ಟು ಬಿಸಾಕಿದ ಬಟ್ಟೆಗಳು ಗಂಟು ಗಂಟಾಗಿ ಆ ಗೋದಾಮಿಗೆ ಬಂದು ಬೀಳುತ್ತಿದ್ದವು. ಗುಂಡಿ, ಜಿಪ್ಪು, ಕೊಕ್ಕೆಗಳನ್ನು ಕತ್ತರಿಸಿ ಬೇರೆ ಮಾಡುವುದು ಹೆಂಗಸರ ಕೆಲಸ. ಉಳಿದದ್ದು ಚಿಂದಿಯಾಗಿ ಯಂತ್ರ ಒರೆಸುವುದಕ್ಕೆ ಹೋಗುತ್ತಿತ್ತು. ಅದೇ ಖಂಡಕ್ಕೆ ಗಂಡಂದಿರನ್ನು ಕಳಿಸಿ ಕೂತ ಹೆಂಗಸರು, ಕತ್ತರಿ ಹಾಕುವ ಮೊದಲು ಪ್ರತಿ ಜೇಬಿಗೂ ಒಮ್ಮೆ ಕೈ ತೂರಿಸಿ ನೋಡುತ್ತಿದ್ದರು. ಅಷ್ಟು ದೊಡ್ಡ ನಾಡಿನಿಂದ ತನ್ನವನ ಅಂಗಿಯೇ ಬಂದು ತನ್ನ ಮಡಿಲಿಗೆ ಬೀಳುವುದುಂಟೇ? ಶುದ್ಧ ಹುಚ್ಚು. ಹುಚ್ಚೆಂದು ಅವರಿಗೂ ಗೊತ್ತಿತ್ತು, ಆದರೆ ಕೈ ಕೇಳಬೇಕಲ್ಲ.

ಗಂಟುಗಳನ್ನು ಇತ್ತ ತರಿಸುವವನೂ ಸಾಹುಕಾರನೇ, ಗಂಡಸರನ್ನು ಅತ್ತ ಸಾಗಿಸುವವನೂ ಸಾಹುಕಾರನೇ. ಗೋದಾಮಿನ ಹಿಂದಿನ ಓಣಿಯಲ್ಲಿ ಇವರೆಲ್ಲ ವಾಸವಾಗಿದ್ದ ಒಂದೊಂದು ಕೋಣೆಯ ಮನೆಗಳೂ ಅವನವೇ. ಇನ್ನು ಅವನೆದುರು ಬಾಯಿ ತೆರೆಯುವವರು ಯಾರು?

ಆ ದಿನ ಅವನ ಜೊತೆ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಹುಡುಗಿ ಬಂದಿದ್ದಳು. ಈಗಷ್ಟೇ ಲೌಡಿ ಎಂದ ಬಾಯಲ್ಲೇ ಸಾಹುಕಾರ ಅವಳಿಗೆ ಬೆಣ್ಣೆ ಹಚ್ಚುತ್ತ, ಕುರ್ಚಿ ತರಿಸಿ, ಹೆಂಗಸರಿಗೆಲ್ಲ ಸರ್ವೆ ಮೇಡಂ ಎಂದು ಪರಿಚಯಿಸಿದ. ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ದುಡಿಯಲು ಹೋಗುವವರ ಬಗ್ಗೆ ಸಂಶೋಧನೆ ನಡೆಯುತ್ತಿದೆ, ಇಲ್ಲಿ ಮನೆಯವರನ್ನು ಕೇಳುತ್ತೇವೆ, ಅಲ್ಲಿ ಹೋದವರನ್ನೂ ಕೇಳುತ್ತೇವೆ ಎಂದು ಮೇಡಂ ವಿವರಿಸಿದಳು. ಹೆಂಗಸರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಆಮೇಲೆ ಅವಳು ಅಂದ ಒಂದು ಮಾತಿಗೆ ಮಾತ್ರ ಕತ್ತರಿಗಳೆಲ್ಲ ನಿಂತವು.

"ಸುದ್ದಿನೇ ಇಲ್ಲದವರಿದ್ರೆ ಅವರ ಬಗ್ಗೆ ಬೇರೆ ಪ್ರಶ್ನೆಗಳಿವೆ. ಅಂಥವರನ್ನ ಅಲ್ಲಿರೋ ನಮ್ಮವರು ಹುಡುಕ್ಕೊಂಡು ಹೋಗ್ತಾರೆ."

ಸಾಹುಕಾರನ ನಗು ಒಂದು ಕ್ಷಣ ಮಾಸಿತು. ತನ್ನ ಕಡೆಯಿಂದ ಹೋದವರಲ್ಲಿ ಅಂಥವರು ಯಾರೂ ಇಲ್ಲವೆಂದೂ, ಬೇಕಾದರೆ ತಾನೇ ಮನೆ ಮನೆ ತೋರಿಸುತ್ತೇನೆಂದೂ ಹೇಳಿದ. ಗೊತ್ತಿಲ್ಲದ ಓಣಿಯಲ್ಲಿ ದಾರಿ ತೋರಿಸುವವನೊಬ್ಬ ಸಿಕ್ಕಿದನಲ್ಲ ಎಂದು ಮೇಡಂ ಅವನಿಗೆ ಥ್ಯಾಂಕ್ಸ್ ಹೇಳಿದಳು.

ಸೊಸೆ ಕತ್ತರಿ ಕೆಳಗಿಟ್ಟಳು. ಅವಳ ಗಂಡ ಆಚೆ ಪ್ಲಾಸ್ಟಿಕ್ ಹೊದಿಸಿದ ತೋಟಗಳಲ್ಲಿ ಹಣ್ಣು ಕೀಳಲು ಹೋದವನು. ಹೋದ ಚಳಿಗಾಲದಿಂದ ಅವನ ಫೋನು ಸತ್ತು ಬಿದ್ದಿತ್ತು. ಸಾಹುಕಾರನ ಬಳಿ ಹೋಗಿ ಅತ್ತರೆ, ಯಾವಳನ್ನೋ ಕಟ್ಟಿಕೊಂಡಿರುತ್ತಾನೆ ಹೋಗೇ ಅಂದಿದ್ದ. ಮತ್ತೊಮ್ಮೆ ಹೋದಾಗ, ನೀನಿರುವ ಮನೆಯನ್ನು ಬಾಡಿಗೆಗೆ ಬೇರೆಯವರು ಕೇಳುತ್ತಿದ್ದಾರೆ ಎಂದು ತಣ್ಣಗೆ ನುಡಿದಿದ್ದ. ಅಂದಿನಿಂದ ಅವಳು ತುಟಿ ಹೊಲಿದುಕೊಂಡಿದ್ದಳು. ಬದುಕಿದ್ದಾನೆಯೇ, ಇಲ್ಲವೇ, ಅವಳಿಗೆ ಅಷ್ಟು ಗೊತ್ತಾದರೆ ಸಾಕಿತ್ತು.

ಅವಳ ಸರದಿ ಬಂದಾಗ ಮೇಡಂ, ಸಾಹುಕಾರ, ಅವರ ಹಿಂದೆ ಬಣ್ಣದ ಡಬ್ಬಿ ಹಿಡಿದ ಒಬ್ಬ ಹಮಾಲ ಮನೆಗೆ ಬಂದರು. ಅತ್ತೆ ಎಂದಿನಂತೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಮೊಣಕಾಲು ಕೈಕೊಟ್ಟಿತ್ತು, ಕಣ್ಣಿಗೆ ಪೊರೆ ಬಂದು ಎದುರಿಗೆ ನಿಂತವರು ಗಂಡೋ ಹೆಣ್ಣೋ ಎಂದು ಹೇಳುವಷ್ಟು ಮಾತ್ರ ಕಾಣುತ್ತಿತ್ತು.

ಸೊಸೆ ಮಾಡಿದ ತಪ್ಪು ಇರುವುದೇ ಇಲ್ಲಿ. ಮಗನ ಫೋನು ನಿಂತಾಗ ಮುದುಕಿ ಅನ್ನ ಬಿಟ್ಟಿದ್ದಳು. ತುತ್ತು ಬಾಯಿಗಿಟ್ಟರೆ ಉಗಿಯುತ್ತಿದ್ದಳು. ಬೇರೆ ದಾರಿ ಕಾಣದೆ ಸೊಸೆ ಒಂದು ಸಂಜೆ, ನಿಮ್ಮ ಮಗ ಗೋದಾಮಿಗೆ ಫೋನ್ ಮಾಡಿದ್ದರು, ಅಮ್ಮ ಊಟ ಮಾಡಿದಳಾ ಎಂದು ಕೇಳಿದರು ಎಂದುಬಿಟ್ಟಳು. ಮುದುಕಿ ತಟ್ಟೆ ಎಳೆದುಕೊಂಡಳು. ಆಮೇಲೆ ಪ್ರತಿ ವಾರ ಮಗ ಫೋನು ಮಾಡತೊಡಗಿದ. ಅವನಿಗೆ ನೆಗಡಿಯಾಯಿತು, ವಾಸಿಯಾಯಿತು. ತೋಟದ ಯಜಮಾನ ಅವನನ್ನು ಹೊಗಳಿದ. ತಾಯಿಯ ಮೊಣಕಾಲಿನ ಬಗ್ಗೆ ವಿಚಾರಿಸಿದ. ನಿಜವಾದ ಮಗ ಮನೆಯಲ್ಲಿದ್ದಾಗ ಒಂದು ದಿನವೂ ಆ ಮೊಣಕಾಲಿನ ಸುದ್ದಿ ಎತ್ತಿದವನಲ್ಲ. ಸೊಸೆ ಕಟ್ಟಿದ ಮಗ ಅವನಿಗಿಂತ ಎಷ್ಟೋ ಒಳ್ಳೆಯವನಾಗಿದ್ದ.

ಮೇಡಂ ಮಂಚದ ತುದಿಗೆ ಕೂತು ಮನೆಯ ಹಿರಿಯರು ಯಾರು ಎಂದು ಕೇಳಿದಳು. ಮುದುಕಿ ಶಾಲೆಯ ಮಗುವಿನಂತೆ ಕೈ ಎತ್ತಿದಳು. ಮನೆಗೊಬ್ಬರೇ ಉತ್ತರ ಕೊಡಬೇಕು, ಉಳಿದವರು ನಡುವೆ ಬಾಯಿ ಹಾಕಬಾರದು, ಅದು ಸರ್ವೆಯ ನಿಯಮ ಎಂದು ಮೇಡಂ ಸೊಸೆಯ ಕಡೆ ನೋಡಿ ಹೇಳಿದಳು. ಮನೆಯಲ್ಲಿ ಎಷ್ಟು ಜನ ಎಂದದ್ದಕ್ಕೆ ಮುದುಕಿ ಮೂವರು ಅಂದಳು. ದೂರ ಹೋಗಿ ಬಹಳ ದಿನವಾದವರನ್ನು ಮನೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವರು ಅಲ್ಲಿಯ ಲೆಕ್ಕ ಎಂದಳು ಮೇಡಂ.

"ಅಲ್ಲಿ ಅವನನ್ನ ಲೆಕ್ಕಕ್ಕೆ ಹಿಡಿದಿದಾರಾ ಹಾಗಾದ್ರೆ?" ಎಂದು ಮುದುಕಿ ಕೇಳಿದಳು.

ಮೇಡಂ ಮುಂದಿನ ಪ್ರಶ್ನೆಗೆ ಹೋದಳು. ಮಗ ಕೊನೆಯ ಸಲ ಮಾತಾಡಿದ್ದು ಯಾವಾಗ?

ಮುದುಕಿಯ ಮುಖ ಅರಳಿತು. "ಮೊನ್ನೆ ತಾನೇ. ಗೋದಾಮಿಗೆ ಮಾಡ್ತಾನೆ, ಸೊಸೆ ಹತ್ರ ಹೇಳಿ ಕಳಿಸ್ತಾನೆ. ವಾರಕ್ಕೊಂದ್ಸಲ ತಪ್ಪಲ್ಲ. ನನ್ ಮೊಣಕಾಲು ಅಂದ್ರೆ ಅವನಿಗೆ ಪ್ರಾಣ."

ಬಾಗಿಲಿಗೆ ಒರಗಿ ನಿಂತಿದ್ದ ಸಾಹುಕಾರ ಸೊಸೆಯನ್ನು ನೋಡಿದ. ತನ್ನ ಗೋದಾಮಿಗೆ ಅಂಥ ಯಾವ ಫೋನೂ ಬಂದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು? ತಾನು ಹೇಳಬೇಕಿದ್ದ ಸುಳ್ಳನ್ನು ಈ ಹೆಂಗಸೇ ಮೊದಲು ಹೇಳಿಟ್ಟಿದ್ದಾಳೆ. ಅವನು ಮೀಸೆಯಡಿಯಲ್ಲಿ ನಕ್ಕ.

ಉತ್ತರ ದಾಖಲಿಸಲು ಮೇಡಂನ ಬೆರಳು ಮಡಿಲಲ್ಲಿದ್ದ ಟ್ಯಾಬಿನ ಗಾಜಿನ ಕಡೆ ಹೋಗುತ್ತಿತ್ತು. ಸೊಸೆ ಒಂದು ಹೆಜ್ಜೆ ಮುಂದೆ ಬಂದಳು. ಸುಮ್ಮನಿದ್ದರೆ ಗಂಡನನ್ನು ಹುಡುಕುವವರಿಲ್ಲ, ಬಾಯಿ ತೆರೆದರೆ ಮುದುಕಿ ಉಳಿಯುವಳೋ ಇಲ್ಲವೋ.

"ಮೇಡಂ, ಅದು ಸುಳ್ಳು. ಯಾವ ಫೋನೂ ಬರಲ್ಲ. ಅತ್ತೆ ಅನ್ನ ಬಿಟ್ಟಿದ್ರು ಅಂತ ನಾನೇ ಕಟ್ಟಿ ಹೇಳ್ತಿದ್ದೆ. ಹೋದ ಚಳಿಗಾಲದಿಂದ ಒಂದ್ ಮಾತಿಲ್ಲ. ಈ ಸಾಹುಕಾರ್ರನ್ನ ಕೇಳಿದ್ರೆ ಮನೆ ಬಿಡಿಸ್ತೀನಿ ಅಂತಾರೆ. ನಿಮ್ಮೋರಿಗೆ ಹೇಳಿ ಹುಡುಕ್ಸಿ."

ಮುದುಕಿ ಧ್ವನಿ ಬಂದ ಕಡೆ ಮುಖ ತಿರುಗಿಸಿದಳು. ಎದೆಯೊಡೆದು ಬೀಳುತ್ತಾಳೆಂದು ಸೊಸೆ ಎರಡು ಹೆಜ್ಜೆ ಓಡಿದಳು. ಮುದುಕಿ ಬೀಳಲಿಲ್ಲ.

"ಹಾದರಗಿತ್ತಿ, ಯಾವನ್ನ ನೋಡ್ಕೊಂಡಿದೀಯೇ? ನನ್ ಮಗನ್ನ ಬಾಯಲ್ಲೇ ಸಾಯ್ಸಿ ಯಾವನ ಹಿಂದೆ ಓಡ್ಬೇಕು ಅಂತಿದೀಯ?"

ಸೊಸೆ ಅವಳ ಕಾಲು ಹಿಡಿದುಕೊಂಡು ಒಂದೊಂದನ್ನೇ ಬಿಡಿಸಿ ಹೇಳಿದಳು. ನೆಗಡಿ ನಾನು ತಂದದ್ದು, ವಾಸಿ ಮಾಡಿದವಳೂ ನಾನು, ಮೊಣಕಾಲು ಕೇಳಿದವಳು ನಾನೇ. ಹೇಳಿದಷ್ಟೂ ಮುದುಕಿಯ ಮುಖ ಗಟ್ಟಿಯಾಯಿತು. ಅಷ್ಟು ಒತ್ತಾಗಿ ಹೊಲಿದ ಸುಳ್ಳು, ಎಳೆದರೆ ಒಂದು ದಾರವೂ ಈಚೆ ಬರಲಿಲ್ಲ.

ಸಾಹುಕಾರ ಮೇಡಂಗೆ ಕಾಣುವಂತೆ ಬೆರಳನ್ನು ತಲೆಯ ಪಕ್ಕ ತಿರುಗಿಸಿ, ಒಂಟಿ ಹೆಂಗಸು ಪಾಪ, ಎಂದ. ಆಮೇಲೆ ಮುದುಕಿಯ ಬಳಿ ಬಗ್ಗಿ, "ನಿನ್ ಮಗ ಚೆನ್ನಾಗಿದಾನಮ್ಮ. ನನ್ ಹತ್ರನೂ ಮಾತಾಡ್ದ," ಅಂದ. ಮುದುಕಿ ಅವನಿಗೆ ಎರಡೂ ಕೈ ಜೋಡಿಸಿದಳು. ಬೈದದ್ದನ್ನು ಸೊಸೆ ಹೇಗೋ ನುಂಗಿದ್ದಳು. ಕೈ ಮುಗಿದದ್ದನ್ನು ನುಂಗಲಾಗಲಿಲ್ಲ.

ಮೇಡಂ ಕೆಟ್ಟವಳಲ್ಲ. ಅವಳ ಮುಖ ಸಣ್ಣದಾಗಿತ್ತು.

"ಹಿರಿಯರು ಹೇಳಿದ್ದನ್ನೇ ಹಾಕ್ಬೇಕು ಅಕ್ಕ. ಮನೆಗೊಂದೇ ಬಾಯಿ. ನಾನೇನ್ ಮಾಡ್ಲಿ?"

ಉಳಿದ ಪ್ರಶ್ನೆಗಳು ಬೇಗ ಬೇಗ ಮುಗಿದವು. ಹೊರಗೆ ಹಮಾಲ, ಗಂಟುಗಳ ಮೇಲೆ ಬಳಿಯುವ ಅದೇ ನೀಲಿ ಬಣ್ಣದಲ್ಲಿ ಬಾಗಿಲ ಮೇಲೆ ದೊಡ್ಡದೊಂದು ಸರಿ ಗುರುತು ಎಳೆದ. ಮನೆ ಮುಗಿಯಿತು ಎಂದು ಅದರ ಅರ್ಥ. ಮೇಡಂ ಚಪ್ಪಲಿ ಮೆಟ್ಟುತ್ತ, ನಾಳೆ ಇನ್ನೊಂದು ತಂಡ ಬರುತ್ತದೆ, ಗುರುತಿಲ್ಲದ ಮನೆ ಉಳಿದಿದ್ದರೆ ಅವರು ಮೊದಲಿಂದ ಕೇಳುತ್ತಾರೆ ಎಂದು ಯಾರ ಮುಖವನ್ನೂ ನೋಡದೆ ಹೇಳಿದಳು. ಸಾಹುಕಾರ ಒಂದು ಹೆಜ್ಜೆ ಹಿಂದುಳಿದು, ನಾಳೆಯಿಂದ ಗೋದಾಮಿನ ಕಡೆ ತಲೆ ಹಾಕಬೇಡ ಎಂದು ಸೊಸೆಗೆ ಹೇಳಿ, ಪಕ್ಕದ ಮನೆಯ ಬಾಗಿಲು ತಟ್ಟಿದ.

ಅವರು ಓಣಿ ದಾಟಿದ ಮೇಲೆ ಸೊಸೆ ಒದ್ದೆ ಚಿಂದಿಯಿಂದ ಬಾಗಿಲು ಒರೆಸಿದಳು. ಎಣ್ಣೆ ಬಣ್ಣ ಹೋಗುತ್ತದೆಯೇ? ಹರಡಿ ಇನ್ನಷ್ಟು ದೊಡ್ಡದಾಯಿತು. ಒಳಗಿಂದ ಕಬ್ಬಿಣದ ಸಟ್ಟುಗ ತಂದು ಕೆರೆದಳು. ಮರದ ಸಿಬಿರು ಎದ್ದು ಉಗುರಿನ ಸಂದಿಗೆ ಹೊಕ್ಕಿತು. ಅರ್ಧ ಗುರುತು ಹೋಗುವಷ್ಟರಲ್ಲಿ ಹಮಾಲ ಡಬ್ಬಿಯೊಂದಿಗೆ ತಿರುಗಿ ಬಂದ.

"ಸಾಹುಕಾರ್ರು ನೋಡಿ ಬಾ ಅಂದ್ರು. ಬಣ್ಣಕ್ಕೆ ಕೈ ಹಚ್ಚಿದ್ರೆ ನಿನ್ ಕೈ ಮುರೀತಾರಂತೆ," ಅಂದವನು ಕೆರೆದ ಜಾಗದಲ್ಲೇ ಮತ್ತೆ ಬಳಿದ. ಅವನ ಅಣ್ಣನೂ ಆಚೆ ಹೋದವನೇ. ಬಳಿಯುವಾಗ ಅವನು ಅವಳನ್ನು ನೋಡಲಿಲ್ಲ.

ಅವನು ಹೋಗುವವರೆಗೆ ಸೊಸೆ ಕಾದಳು. ಆಮೇಲೆ ಬಾಗಿಲಿನ ಅಡಿಗೆ ಸಟ್ಟುಗ ಕೊಟ್ಟು ಮೀಟಿದಳು. ತುಕ್ಕು ಹಿಡಿದ ಕೀಲುಗಳು ಕಿರುಗುಟ್ಟಿ ಚೌಕಟ್ಟಿನಿಂದ ಬಿಟ್ಟುಕೊಂಡವು. ಬಾಗಿಲನ್ನು ಬೆನ್ನಿನ ಮೇಲೆ ಹೊತ್ತು ಓಣಿಯ ನಡುವಿಗೆ ತಂದು, ಗುರುತು ಇರುವ ಮಗ್ಗುಲನ್ನು ನೆಲಕ್ಕೆ ಮಾಡಿ ಕೆಡವಿದಳು. ಅದರ ಮೇಲೆ ಕಾಲು ಮಡಚಿ ಕೂತಳು. ಮನೆ ಬಾಯಿ ತೆರೆದುಕೊಂಡು ನಿಂತಿತು. ಮಂಚ, ಮಡಕೆ, ಮುದುಕಿ ಎಲ್ಲ ಹೋಗಿ ಬರುವವರ ಕಣ್ಣಿಗೆ ಬಿದ್ದವು. ಅಕ್ಕಪಕ್ಕದ ಹೆಂಗಸರು ತಮ್ಮ ತಮ್ಮ ನೀಲಿ ಗುರುತುಗಳ ಹಿಂದೆ ನಿಂತು ನೋಡಿದರು, ಹೊರಗೆ ಬರಲಿಲ್ಲ.

ಒಳಗೆ ಇದ್ದಕ್ಕಿದ್ದಂತೆ ಬೆಳಕು ತುಂಬಿದ್ದು ಪೊರೆ ಬಂದ ಕಣ್ಣಿಗೂ ತಿಳಿಯಿತು. ಮುದುಕಿ ಮಂಚ ಹಿಡಿದು ಎದ್ದು ಕೂತು, ಸೆರಗು ಸರಿಮಾಡಿಕೊಂಡಳು.

"ಸೊಸೇ, ಯಾರೇ ಬಾಗಿಲು ತೆಗ್ದಿದ್ದು? ಬಂದ್ನಾ?"

ಸೊಸೆ, ಗುರುತಿಲ್ಲದ ಮನೆಗಳನ್ನು ಹುಡುಕಿ ನಾಳೆ ಬರುವ ತಂಡಕ್ಕಾಗಿ ಓಣಿಯ ತುದಿಯನ್ನೇ ನೋಡುತ್ತ ಕೂತಿದ್ದಳು. ಒಳಗಿಂದ ಮುದುಕಿ ಮತ್ತೆ ಕೇಳಿದಳು.