ಅಳತೆಗೆ ಸಿಗದ ಕೈ

"ಇನ್ನೊಂದೇ ಒಂದು ಸಲ, ಉಸಿರು ಬಿಗಿಹಿಡಿದು ಕೂತ್ಕೊಳ್ಳಿ ತಾತ," ಎಂದಳು ಲೈಟಮ್ಮ.

ಉಸಿರನ್ನೇನೋ ಪೇಂಟರ್ ತಾತ ಬಿಗಿಹಿಡಿದರು. ಕೈ ಮಾತು ಕೇಳಬೇಕಲ್ಲ. ಕಪ್ಪು ಬಟ್ಟೆ ಹಾಸಿದ ಮೇಜಿನ ಮೇಲಿದ್ದ ಅವರ ಬಲಗೈಯ ಮೇಲೆ ಬೆಳಕಿನ ಪಟ್ಟೆಗಳು ಒಂದರ ಹಿಂದೊಂದು ಹರಿದುಹೋದವು. ಕ್ಯಾಮೆರಾ ಅಳೆದು ಪರದೆಯ ಮೇಲೆ ಮೂಡಿಸಿದ ಕೈಗೆ ಏಳು ಬೆರಳಿದ್ದವು.

"ಒಳ್ಳೇದೇ ಆಯ್ತು ಬಿಡು, ಎರಡು ಬ್ರಷ್ ಒಟ್ಟಿಗೆ ಹಿಡೀಬಹುದು," ಎಂದರು ತಾತ. ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಅವರ ಹೆಂಡತಿ ನಗಲಿಲ್ಲ. ಇದು ಆರನೆಯ ಸಲ.

ನಲವತ್ತು ವರ್ಷ ಅಂಗಡಿಗಳಿಗೆ ಬೋರ್ಡು ಬರೆದ ಕೈ ಅದು. ಎರಡು ವರ್ಷದಿಂದ ನಡುಗುತ್ತಿತ್ತು. ಮಣಿಕಟ್ಟಿನಿಂದ ಮುಂಗೈವರೆಗೆ ಚರ್ಮದಂತೆ ಅಂಟಿ ಕೂರುವ ಗಟ್ಟಿ ಪಟ್ಟಿ ತೊಟ್ಟರೆ ನಡುಕ ಹತೋಟಿಗೆ ಬರುತ್ತದೆಂದು ಡಾಕ್ಟರು ಹೇಳಿದ್ದರು. ಬೇರೊಂದು ಕಡೆ ಎರಡು ಬಾರಿ ಪ್ಲಾಸ್ಟರಿನಲ್ಲಿ ಅಚ್ಚು ತೆಗೆಯಲು ಹೋಗಿ, ಅದು ಗಟ್ಟಿಯಾಗುವಷ್ಟರಲ್ಲಿ ಕೈ ಅಲುಗಿ ಎಲ್ಲ ಕೆಟ್ಟಿತ್ತು. ಇವತ್ತೂ ಆಗದಿದ್ದರೆ ಇನ್ನು ಈ ಸುದ್ದಿಯೇ ಬೇಡ ಎಂದು ತಾತ ಬಸ್ಸಿನಲ್ಲೇ ಹೇಳಿಬಿಟ್ಟಿದ್ದಾರೆ ಎಂದು ಹೆಂಡತಿ ಬಂದೊಡನೆ ಲೈಟಮ್ಮನ ಕಿವಿಯಲ್ಲಿ ಹೇಳಿದ್ದರು.

ಎಂಟು ವರ್ಷದಿಂದ ಈ ಕತ್ತಲೆ ಕೋಣೆಯಲ್ಲಿ ಬೆಳಕಿನಿಂದ ಕೈಕಾಲು ಅಳೆಯುತ್ತಿದ್ದವಳಿಗೆ ಆ ಹೆಸರಿಟ್ಟಿದ್ದು ಇಂಥ ಪಟ್ಟಿಗಳನ್ನು ಮಾಡುವ ಈ ಕಾರ್ಖಾನೆಯವರೇ. ಐದನೆಯ ಸಲ ಸೋತಾಗಲೇ ಅವಳು ಯಂತ್ರ ಮಾಡಿದ ಕಂಪನಿಗೆ ಫೋನು ಹಚ್ಚಿದ್ದಳು. ಅಲ್ಲಿನವನು ಸಮಾಧಾನದಿಂದಲೇ ವಿವರಿಸಿದ್ದ. ಪಟ್ಟೆಗಳನ್ನು ಬೀರುವ ಪ್ರೊಜೆಕ್ಟರಿನೊಳಗೆ ಇರುವುದು ಲಕ್ಷಾಂತರ ಪುಟ್ಟ ಕನ್ನಡಿಗಳು. ಒಂದೊಂದಕ್ಕೂ ಗೊತ್ತಿರುವುದು ಎರಡೇ ಕೆಲಸ: ಬೆಳಕು ಬಿಡುವುದು, ಇಲ್ಲವೇ ತಡೆಯುವುದು. ಅಳತೆ ನಯವಾಗಿ ಬರಲು ಪಟ್ಟೆಯ ಕಪ್ಪು ಬಿಳುಪಿನ ನಡುವೆ ಬೂದುಬಣ್ಣ ಬೇಕು; ಅದಕ್ಕೆ ಅವು ಪಟಪಟನೆ ಅತ್ತಿತ್ತ ಹೊರಳಿ ಕಣ್ಣನ್ನು ನಂಬಿಸಬೇಕು. ಹೆಚ್ಚು ಛಾಯೆ ಬೇಕೆಂದಷ್ಟೂ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ನಡುಗುವ ಕೈ ಅಲುಗಿಬಿಟ್ಟಿರುತ್ತದೆ. ನಯವಾದ ಪಟ್ಟೆಯೋ ವೇಗವೋ, ಒಂದನ್ನು ಆರಿಸಿಕೊಳ್ಳಿ, ಎರಡೂ ಸಿಗುವುದಿಲ್ಲ ಎಂದು ಫೋನಿಟ್ಟಿದ್ದ.

ಏಳನೆಯ ಸಲಕ್ಕೆ ಅವಳು ವೇಗವನ್ನೇ ಆರಿಸಿದಳು. ಬರೀ ಕಪ್ಪು, ಬರೀ ಬಿಳಿ. ಪಟ್ಟೆಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದವು. ಬೆರಳುಗಳೇನೋ ಐದೇ ಬಂದವು. ಆದರೆ ಕೈಯ ಮೈತುಂಬ ಮೆಟ್ಟಿಲು ಮೆಟ್ಟಿಲು. ಆ ಅಳತೆಯಲ್ಲಿ ಪಟ್ಟಿ ಮಾಡಿದರೆ ವಾರದೊಳಗೆ ಚರ್ಮ ಸುಲಿಯುವುದು ಖಂಡಿತ.

"ಯಾಕೆ, ಇರುವೆ ಹತ್ತೋಕೆ ಚೆನ್ನಾಗಿದೆಯಲ್ಲ," ಎಂದು ತಾತ ಎದ್ದೇಬಿಟ್ಟರು. ಹೆಂಡತಿ ಚೀಲ ಹೆಗಲಿಗೇರಿಸಿದರು.

ಲೈಟಮ್ಮ ಬಾಗಿಲಿಗೆ ಅಡ್ಡ ಬಂದಳು. ಅವರನ್ನು ಬರಿಗೈಲಿ ಕಳಿಸಲು ಮನಸ್ಸಾಗದೆ, ತಪ್ಪು ಕೈಯದಲ್ಲ, ಈ ಬೆಳಕಿಗೆ ಕಪ್ಪು ಬಿಳುಪು ಬಿಟ್ಟು ಬೇರೆ ಬಣ್ಣವೇ ಗೊತ್ತಿಲ್ಲ ಎಂದಳು. ತಾತ ನಿಂತರು. ಕಸುಬಿನ ಮಾತು ಬಂದರೆ ಅವರಿಗೆ ಬಸ್ಸಿನ ನೆನಪೂ ಇರುವುದಿಲ್ಲ.

"ಅಷ್ಟೇನಾ? ಎರಡೇ ಡಬ್ಬಿ ಬಣ್ಣ ಇದ್ದಾಗ ನಾವೂ ಹಾಗೇ ಮಾಡ್ತಿದ್ವಿ ಮಗಳೇ. ಸಣ್ಣ ಸಣ್ಣ ಕಪ್ಪು ಗೆರೆ, ಮಧ್ಯೆ ಬಿಳಿ. ಹತ್ತಿರ ನಿಂತ್ರೆ ಜೀಬ್ರಾ. ಕಣ್ಣು ಕಿರಿದು ಮಾಡಿ ನೋಡು, ಎಲ್ಲ ಕಲೆತು ಬೂದು ಆಗ್ಬಿಡುತ್ತೆ. ಕಣ್ಣು ಚೂರು ಮಂಜಾಗ್ಬೇಕು, ಅಷ್ಟೆ."

ಮೇಜಿನ ಮೇಲೆ ಇನ್ನೂ ಬಿದ್ದಿದ್ದ ಪಟ್ಟೆಗಳನ್ನು ಲೈಟಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಪ್ರೊಜೆಕ್ಟರಿನ ಲೆನ್ಸಿನತ್ತ ತಿರುಗಿದಳು. ಪಟ್ಟೆಗಳು ಚೂಪಾಗಿ ಬೀಳಲೆಂದು ತಿರುಗಿಸುವ ಅದರ ಬಳೆಯ ಮೇಲೆ ಸರಿಯಾದ ಜಾಗಕ್ಕೆ ಉಗುರುಬಣ್ಣದ ಗುರುತು ಹಾಕಿದವಳು ಅವಳೇ. ಅದನ್ನು ಮುಟ್ಟಿದವರ ಮೇಲೆ ಎಂಟು ವರ್ಷ ಹರಿಹಾಯ್ದವಳೂ ಅವಳೇ.

"ಕೂತ್ಕೊಳ್ಳಿ ತಾತ," ಎಂದು ಬಳೆಯನ್ನು ತಿರುಗಿಸಿದಳು. ಮೊದಲು ಜಾಸ್ತಿಯಾಗಿ ಪಟ್ಟೆಗಳೆಲ್ಲ ಹಾಲು ಚೆಲ್ಲಿದಂತೆ ಮಾಯವಾದವು. ಕೂದಲೆಳೆಯಷ್ಟು ಹಿಂದಕ್ಕೆ ತಂದಳು. ಗೆರೆಗಳ ಅಂಚು ಕರಗಿ, ಕಪ್ಪು ಬಿಳುಪಿನ ನಡುವೆ ನಯವಾದ ಬೂದು ತಾನಾಗಿ ಹಬ್ಬಿತು. ಕನ್ನಡಿಗಳ ವೇಗ ಮಾತ್ರ ಹಾಗೆಯೇ ಇತ್ತು.

ಪರದೆಯ ಮೇಲೆ ಕೈ ಮೂಡಿತು. ಐದು ಬೆರಳು, ಗೆಣ್ಣುಗಳ ಸುಕ್ಕು, ಹೆಬ್ಬೆರಳ ಬುಡದಲ್ಲೊಂದು ಸಣ್ಣ ಕುಳಿ. ಹೆಂಡತಿ ಚೀಲ ಕೆಳಗಿಟ್ಟು ಹತ್ತಿರ ಬಂದರು.

"ಏಣಿಯಿಂದ ಬಿದ್ದಾಗ ಆದ ಗಾಯ ಅದು," ಎಂದರು. "ಇದು ಇವ್ರದ್ದೇ ಕೈ."

ತಾತ ಪರದೆಯತ್ತ ಬಾಗಿ ಆ ಕುಳಿಯ ಮೇಲೆ ಬೆರಳಿಟ್ಟರು.

ಹತ್ತು ದಿನ ಬಿಟ್ಟು ಪಟ್ಟಿ ತೊಡಿಸಿದರು. ಎಲ್ಲೂ ಒತ್ತಲಿಲ್ಲ, ಎಲ್ಲೂ ಸಡಿಲವಿರಲಿಲ್ಲ. ನಡುಕ ಪೂರ್ತಿ ಹೋಗದಿದ್ದರೂ ಪಳಗಿದ ಕರುವಿನಂತೆ ತಗ್ಗಿ ನಿಂತಿತು. ಹೊರಡುವ ಮುಂಚೆ, ಎರಡು ವರ್ಷದ ರೂಢಿಯಂತೆ, ತಾತನ ಅಂಗಿಯ ಎಡತೋಳಿನ ಗುಂಡಿ ಹಾಕಲು ಹೆಂಡತಿ ಕೈಚಾಚಿದರು. ತಾತ ಆ ಕೈಯನ್ನು ಮೆಲ್ಲಗೆ ಸರಿಸಿ ಪಟ್ಟಿ ತೊಟ್ಟ ಬಲಗೈಯಿಂದ ತಾವೇ ಗುಂಡಿ ಹಿಡಿದರು. ಅದು ಒಮ್ಮೆ ಜಾರಿತು, ಇನ್ನೊಮ್ಮೆ ಜಾರಿತು. ಹೆಂಡತಿ ಮತ್ತೆ ಕೈಚಾಚದೆ ಕಿಟಕಿಯತ್ತ ತಿರುಗಿ, ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುವುದನ್ನು ಬಹಳ ಹೊತ್ತು ನೋಡುತ್ತ ನಿಂತರು.