ಎರಡೂ ಪಾದಗಳ ಗುರುತು

ಬಟ್ಟೆ ಹಿಂಡಿ ಮಂಚದ ಕೆಳಗಿನಿಂದ ಒರೆಸುತ್ತ ಬಂದೆ, ಕುರ್ಚಿಯ ಪಕ್ಕದಲ್ಲಿ ಬೂಟಿನ ಕಪ್ಪು ಗೆರೆ, ಇನ್ನೂ ಇದೆ ದರಿದ್ರದ್ದು, ಎಷ್ಟು ಉಜ್ಜಿದರೂ ಹೋಗುವುದಿಲ್ಲ, ನಮ್ಮ ಮನೆಯವರ ಪಾತ್ರ ಮಾಡಲು ಬಂದ ಆ ಸಿನಿಮಾ ನಟನ ಬೂಟು, ಎಡಗಾಲು ಎಳೆಯುತ್ತ ಗೋಡೆಯಿಂದ ಗೋಡೆಗೆ ನಡೆದನಲ್ಲ ಪುಣ್ಯಾತ್ಮ, ಹೀಗಾ ಅಮ್ಮಾ, ಯಜಮಾನರು ಹೀಗೇ ಕುಂಟ್ತಾ ಇದ್ರಾ, ಇನ್ನೂ ಸ್ವಲ್ಪ ಎಳೀಲಾ, ಎಳಿಯಪ್ಪ ಎಳಿ, ನೆಲ ಒರೆಸೋಕೆ ನಾನಿದ್ದೀನಲ್ಲ — ಅವನ ನಿರ್ದೇಶಕ ಇದೇ ಕುರ್ಚಿಯಲ್ಲಿ ಕೂತು, ಸತ್ತವರ ಕುರ್ಚಿ ಎಂಬ ಸಂಕೋಚವೂ ಇಲ್ಲದೆ, ಯುದ್ಧದಿಂದ ಬಂದ ಮೇಲೆ ನಿದ್ದೇಲಿ ಕಿರುಚ್ತಾ ಇದ್ರಾ ಅಮ್ಮಾ, ಇಲ್ಲಪ್ಪ, ಗೊರಕೆ ಹೊಡೀತಿದ್ರು, ಮುಖ ಸಪ್ಪಗಾಯಿತು ಅವನದು, ಪರವಾಗಿಲ್ಲ ಬಿಡಿ, ಕಿರುಚೋದು ನಾವೇ ಹಾಕ್ಕೋತೀವಿ, ಹಾಕ್ಕೊಳ್ಳಿ, ಮಳೆಯನ್ನೂ ಹಾಕ್ಕೊಳ್ಳಿ, ನಿಮ್ಮ ಸಿನಿಮಾದಲ್ಲಿ ಸಿಪಾಯಿ ಯಾವತ್ತಾದರೂ ಬಿಸಿಲಲ್ಲಿ ಮನೆಗೆ ಬಂದದ್ದುಂಟೇ, ಬಾಗಿಲಲ್ಲಿ ನಿಲ್ಲುತ್ತಾನೆ, ಗಡ್ಡ, ಹೆಗಲಿಗೆ ಚೀಲ, ಹೆಂಡತಿಯ ಕೈಯಿಂದ ಪಾತ್ರೆ ಬೀಳುತ್ತದೆ, ಪಿಟೀಲು ಅಳುತ್ತದೆ, ಚೆಲ್ಲಿದ್ದನ್ನು ಬಳಿಯುವವರು ಯಾರು ಅಂತ ಒಬ್ಬನೂ ತೋರಿಸುವುದಿಲ್ಲ. ನಮ್ಮ ಮನೆಯವರು ಬಂದದ್ದು ಮಟಮಟ ಮಧ್ಯಾಹ್ನ, ಹೋಗುವಾಗ ಇದ್ದದ್ದಕ್ಕಿಂತ ದಪ್ಪಗಾಗಿ, ನುಣ್ಣಗೆ ಗಡ್ಡ ಹೆರೆದುಕೊಂಡು, ಆಡಿದ ಮೊದಲ ಮಾತು ಸ್ನಾನಕ್ಕೆ ನೀರಿದೆಯೇನೇ, ಬಚ್ಚಲಿನಿಂದ ಕೋಣೆಗೆ ನಡೆದುಹೋದರು, ಸಿಮೆಂಟಿನ ಮೇಲೆ ಒದ್ದೆ ಹೆಜ್ಜೆ, ಎಡ, ಬಲ, ಎಡ, ಬಲ, ಎರಡೂ ಒಂದೇ ಸಮ, ಬೆರಳುಗಳೆಲ್ಲ ಇವೆ, ಇಡಿಯಾಗಿ ಬಂದರಲ್ಲ ದೇವರೇ ಎಂದು ಆ ಗುರುತು ಆರುವವರೆಗೂ ನೋಡುತ್ತ ನಿಂತಿದ್ದೆ.

ಇಡಿಯಾಗಿ ಬಂದದ್ದೇ ತಪ್ಪಾಯಿತು, ಕ್ಷೌರದಂಗಡಿಯಲ್ಲೂ ಅದೇ ಪ್ರಶ್ನೆ, ನಲ್ಲಿಯ ಹತ್ತಿರವೂ ಅದೇ, ಎಲ್ಲಿ ಬಿತ್ತು ಗುಂಡು, ಎಲ್ಲೂ ಬೀಳಲಿಲ್ಲ, ಗಾಯ ಆದವರನ್ನ ಸಾಗಿಸೋ ಲಾರಿ ಓಡಿಸ್ತಿದ್ದೆ, ಓ, ಡ್ರೈವರ್ರಾ, ಹಾಗಾದ್ರೆ ಊಟ ನಿದ್ದೆಗೇನೂ ಮೋಸ ಇರಲಿಲ್ಲ ಬಿಡಿ, ಮೈ ನೋಡಿದ್ರೇ ಗೊತ್ತಾಗುತ್ತೆ — ಕೆಲಸ ಕೇಳಲು ಹೋದಲ್ಲೂ ಅದೇ ನಗು. ಆಮೇಲೆ ಆ ಕಾಲದ್ದೊಂದು ಯುದ್ಧದ ಸಿನಿಮಾ ಬಂತು, ಅದರ ಹೆಸರೆತ್ತಿ ನಾಲಿಗೆ ಕೆಡಿಸಿಕೊಳ್ಳಲಾರೆ, ಇಬ್ಬರೂ ಹೋದೆವು, ನಾಯಕ ಕೋಲೂರಿಕೊಂಡು ಮನೆಗೆ ಬಂದ, ಹೆಂಗಸರೆಲ್ಲ ಮೂಗೆಳೆದುಕೊಂಡರು, ನಾನೂ ಅತ್ತೆ, ಸುಳ್ಳೇಕೆ, ಇವರು ಪರದೆ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು, ಹೊರಗೆ ಮೆಟ್ಟಿಲಿಳಿಯುವಾಗ ಎಡಗಾಲು ಹಿಂದೆ ಉಳಿಯಿತು, ಜೋಮು ಹಿಡೀತೇನ್ರೀ, ಹೂಂ, ಬೀದಿ ತಿರುಗುವಷ್ಟರಲ್ಲಿ ಚಹಾದಂಗಡಿಯವನು ಎದ್ದು ತನ್ನ ಸ್ಟೂಲು ಬಿಟ್ಟುಕೊಟ್ಟ, ಕೂತ್ಕೊಳ್ಳಿ ಸಾರ್, ಮೊಟ್ಟಮೊದಲ ಸಾರ್ ಅದು, ಸಾಯುವವರೆಗೂ ಬಿಡಲಿಲ್ಲ ಆ ಜೋಮು. ಕೋಲು ಬಂತು, ಕಾರ್ಖಾನೆಯ ಗೇಟು ಕಾಯುವ ಕೆಲಸ ಬಂತು, ಮಗಳು ಹುಟ್ಟಿ, ನಮ್ಮಪ್ಪನ ಕಾಲಲ್ಲಿ ಗುಂಡಿದೆ ಎಂದು ಬೀದಿಗೆಲ್ಲ ಸಾರಿಕೊಂಡು ಬೆಳೆದಳು, ಸ್ನಾನ ಮಾಡಿ ಬರುವಾಗ ಮಾತ್ರ ಇವರಿಗೆ ಮರೆತೇ ಹೋಗುತ್ತಿತ್ತು, ನೆಟ್ಟಗೆ ನಡೆಯುವವರು, ಹಿಂದೆಯೇ ನಾನು ಸೆರಗು ಹಿಡಿದು, ಆ ಒದ್ದೆ ಹೆಜ್ಜೆ ಮಗಳ ಕಣ್ಣಿಗೆ ಬೀಳುವ ಮೊದಲು, ಎಡ ಒರೆಸು, ಬಲ ಒರೆಸು, ಗಂಡನನ್ನೇ ಒರೆಸಿ ಒರೆಸಿ ತೆಗೆದೆನಲ್ಲ ನಾನು.

ನಿಜವಾದ ಪೆಟ್ಟು ಬೇರೆಯೇ ಇತ್ತು, ಬಕೆಟ್ಟಿಗೆ ನೀರು ಬಿಟ್ಟು ನೆಲದ ಬಟ್ಟೆ ಕೈಗೆತ್ತಿಕೊಂಡರೆ ಸಾಕು, ಈ ಮನುಷ್ಯ ಚಪ್ಪಲಿ ಮೆಟ್ಟಿ ಹೊರಗೆ, ನೆಲ ಒಣಗುವವರೆಗೂ ಒಳಗೆ ಕಾಲಿಡುತ್ತಿರಲಿಲ್ಲ, ಒಂದೇ ಸಲ ಬಾಯಿಬಿಟ್ಟರು, ಲಾರಿ ಖಾಲಿ ಆದ್ಮೇಲೆ ತೊಳೆಯೋದು ನಾನೇ ಕಣೇ, ನೀರು ಹುಯ್ದಷ್ಟೂ ಹಲಗೆ ಸಂದಿಯಿಂದ ಕೆಂಪಗೆ ಬರೋದು, ಎಷ್ಟು ಹುಯ್ದರೂ — ಅಷ್ಟೇ, ಆಮೇಲೆ ಊಟ ಹಾಕು ಅಂದರು. ಹೇಳಿದೆನಲ್ಲ ಇದನ್ನೂ ಆ ನಿರ್ದೇಶಕನಿಗೆ, ಆಕಳಿಸಿದ, ಬಕೆಟ್ ಸೀನ್ ಜನಕ್ಕೆ ಹಿಡಿಸಲ್ಲ ಅಮ್ಮಾ, ಈ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿ ಕಳಿಸಿ, ಆ ಕೋಲೂ ಬೇಕು, ಮಗಳದ್ದೂ ಅದೇ ರಾಗ, ಹಾಕಮ್ಮ, ಅಪ್ಪನ ಹೆಸರು ಉಳಿಯುತ್ತೆ, ಯಾವ ಅಪ್ಪನದೇ ತಾಯಿ. ಕೋಲು ಮೊಳೆಯಲ್ಲೇ ಇದೆ, ಒಲೆಗೆ ಹಾಕಿಯೇನು, ಆ ಸಿನಿಮಾದವರಿಗೆ ಕೊಡಲಾರೆ, ಸಹಿ ಹಾಕದ ಅವರ ಕಾಗದ, ಅದರ ಜೊತೆ ನನ್ನದೊಂದು, ರೇಡಿಯೋ ಕೆಳಗೆ ಬಿದ್ದಿವೆ ಅಂದಿನಿಂದ, ತಲೆ ನರೆತ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ದುಂಡಕ್ಷರ: ನನ್ನ ಗಂಡನ ಕಾಲಿಗೆ ಏನೂ ಆಗಿರಲಿಲ್ಲ. ಕುಂಟುವುದನ್ನು ಕಲಿಸಿದ್ದು ನಿಮ್ಮಂಥವರ ಸಿನಿಮಾ. ಲಾರಿ ತೊಳೆಯುವುದನ್ನು ತೋರಿಸುವುದಾದರೆ ಬನ್ನಿ, ಬೂಟು ಹೊರಗೆ ಬಿಟ್ಟು ಬನ್ನಿ. ಬರೆದುಬಿಟ್ಟೆ, ಕಳಿಸಲಾಗಲಿಲ್ಲ, ಮಗಳ ಕಿವಿಗೆ ಬೀಳುತ್ತದಲ್ಲ, ಭಾನುವಾರ ಬರುತ್ತಾಳೆ, ಅಪ್ಪ ಸುಳ್ಳನಾ ಎಂದು ಕೂಗಾಡುತ್ತಾಳೆ, ಕೂಗಾಡಲಿ, ಕೂಗಿ ಸುಸ್ತಾದ ಮೇಲೆ ಆ ಹಲಗೆ ಸಂದಿಯ ಮಾತು ಹೇಳುತ್ತೇನೆ — ಈ ಕಪ್ಪು ಗೆರೆ ಇದೆಯಲ್ಲ, ಸುಳ್ಳುಕಾಲಿನದು, ಇದು ನೆಲ ಕಚ್ಚಿಕೊಂಡು ಕೂತಿದೆ, ನಮ್ಮ ಮನೆಯವರ ಹೆಜ್ಜೆ ಮಾತ್ರ ಒಂದೂ ಉಳಿಯಲಿಲ್ಲ, ಸಾಕು, ಬಟ್ಟೆ ಬಕೆಟ್ಟಿಗೆ ಬಿತ್ತು, ಒದ್ದೆ ಕೈಯಲ್ಲೇ ಎರಡು ಕಾಗದವನ್ನೂ ಲಕೋಟೆಗೆ ತುಂಬಿ ಅಂಟಿಸಿದೆ, ಬೀದಿ ದಾಟಿದೆ, ಯಾವನೋ ಹಾರನ್ ಹೊಡೆಯುತ್ತಾನೆ, ಹೊಡಿಯಪ್ಪ, ಅಂಚೆ ಡಬ್ಬ, ತಗಡಿನ ಬಾಯಿ ತಣ್ಣಗಿದೆ, ಬೆರಳು ಬಿಡಲೊಲ್ಲವು, ಬಿಟ್ಟೆ, ತಳಕ್ಕೆ ಬಿದ್ದ ಸದ್ದು, ಇನ್ನು ಒರೆಸಲಾಗದು, ಅವರ ಹೆಜ್ಜೆ ಮತ್ತೆ ಕಣ್ಣೆದುರು, ಎಡ, ಬಲ, ಎಡ, ಬಲ, ಸಿಮೆಂಟಿನ ಮೇಲೆ, ಒದ್ದೆ, ಎರಡೂ ಒಂದೇ ಸಮ