ಬೆರಳಿನ ಬಲ ಮುಂಗೈಯಲ್ಲಿ

ಇಳಕಲ್ಲಿನ ನೇಕಾರ ಗೋವಿಂದಪ್ಪನಿಗೆ ಸಡಿಲು ಎಂಬ ಮಾತೇ ಆಗಿಬರುತ್ತಿರಲಿಲ್ಲ. ಮಗ್ಗದ ಹಾಸುನೂಲು ಸಡಿಲಾದರೆ ಸೀರೆ ಕೆಟ್ಟಿತು, ಹೆಂಡತಿಯ ಕೈ ಸಡಿಲಾದರೆ ಸಂಸಾರ ಕೆಟ್ಟಿತು ಎನ್ನುವನು. ಎರಡನೆಯ ಮಾತನ್ನು ಹೆಂಡತಿ ಲಕ್ಕವ್ವ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹುನಗುಂದಕ್ಕೆ ಹೋಗಬೇಕಾದರೆ ಎತ್ತಿನ ಗಾಡಿಯೇ ಗತಿಯಾಗಿದ್ದ ಕಾಲವದು.

ಒಂದು ದಿನ ಮುಂಜಾನೆ ಹಳ್ಳದಲ್ಲಿ ಬಣ್ಣದ ನೂಲು ತೊಳೆಯುವಾಗ ಗೋವಿಂದಪ್ಪ ಬಂಡೆಯ ಮೇಲೆ ಜಾರಿ ಬಿದ್ದ. ಮೊಣಕೈಯ ಕೆಳಗೆ ಬಲ ಮುಂಗೈಯ ಎಲುಬು ಮುರಿಯಿತು. ಎಲುಬು ಕೂಡಿಸುವ ಹುಲ್ಲಪ್ಪ ಬಂದು ಬಿದಿರಿನ ದಬ್ಬೆ ಇಟ್ಟು ಬಟ್ಟೆ ಕಟ್ಟಿದ. ಬಾವು ಬರುತ್ತದೆ, ಅದಕ್ಕೇ ಜಾಗ ಬಿಟ್ಟಿದ್ದೇನೆ, ಬೆರಳು ಜೋಮು ಹಿಡಿದರೆ ಕೂಡಲೇ ಬಿಚ್ಚಿರಿ ಎಂದು ಹೇಳಿ ಬೇರೆ ಊರಿಗೆ ಹೋದ. ಗಾಬರಿಯಲ್ಲಿದ್ದ ಗಂಡ ಹೆಂಡತಿಗೆ ಆ ಮಾತು ತಲೆಗೆ ಹೋಗಲಿಲ್ಲ.

ಸ್ವಲ್ಪ ಹೊತ್ತಿಗೆ ನೋವು ಏರಿತು. ಕಟ್ಟು ಸಡಿಲಾಗಿದೆ, ಅದಕ್ಕೇ ಎಲುಬು ಅಲುಗುತ್ತಿದೆ ಎಂದು ಗೋವಿಂದಪ್ಪ ತೀರ್ಮಾನಿಸಿಬಿಟ್ಟ. ಲಕ್ಕವ್ವ ಮಗ್ಗದ ಬಳಿಯಿದ್ದ ದಪ್ಪ ದಾರ ತಂದು, ಹಲ್ಲು ಕಚ್ಚಿ ಜಗ್ಗಿ, ಕಟ್ಟಿನ ಮೇಲೆ ಸುತ್ತಿದಳು. ಪಾಪ, ಪ್ರೀತಿಯಿಂದಲೇ ಸುತ್ತಿದಳು.

ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ಊದಿ ನೀಲಿಗಟ್ಟಿದವು. ಮುಟ್ಟಿದರೆ ತಣ್ಣಗಿದ್ದವು. ಮುರಿದಾಗಲೂ ಇಲ್ಲದಷ್ಟು ನೋವು ಈಗ ಬಂದಿತ್ತು. ಆ ಕೈ ಲಾಳಿ ಎಸೆಯದಿದ್ದರೆ ಮನೆಯಲ್ಲಿ ಒಲೆ ಉರಿಯುವಂತಿರಲಿಲ್ಲ. ಲಕ್ಕವ್ವನಿಗೆ ಹೆದರಿಕೆಯಾಯಿತು. ಹುನಗುಂದದ ದವಾಖಾನೆಯಲ್ಲಿ ಕಂಪೌಂಡರನಾಗಿದ್ದ ನೆರೆಮನೆಯ ಅಹ್ಮದಸಾಬ ಮದುವೆಗೆಂದು ಊರಿಗೆ ಬಂದಿದ್ದ. ಓಡಿಹೋಗಿ ಅವನನ್ನು ಕರೆತಂದಳು.

ಅಹ್ಮದಸಾಬ ಬೆರಳು ನೋಡಿದವನೇ ಕಟ್ಟು ಬಿಚ್ಚಬೇಕು ಎಂದ. ಗೋವಿಂದಪ್ಪ ಕೈ ಹಿಂದಕ್ಕೆ ಎಳೆದುಕೊಂಡ.

"ಮುರದದ್ದು ಮುಂಗೈರಿ, ಸಾಬರ. ನೀವು ಬೆರಳು ನೋಡಾಕತ್ತೀರಿ. ಬಿಚ್ಚಿದ್ರ ಎಲುಬು ಸರೀತೈತಿ."

ಅಹ್ಮದಸಾಬ ವಾದಕ್ಕಿಳಿಯಲಿಲ್ಲ. ಗೋವಿಂದಪ್ಪನ ನಡುಬೆರಳನ್ನು ಮೆಲ್ಲಗೆ ಹಿಡಿದು ಎಳ್ಳಷ್ಟು ನೆಟ್ಟಗೆ ಮಾಡಿದ. ಗೋವಿಂದಪ್ಪ ಚೀರಿದ.

"ಎಲ್ಲಿ ನೋವಾತು?"

"ಮುಂಗೈಯಾಗ."

"ನಾ ಮುಟ್ಟಿದ್ದು ಬೆರಳು."

ಗೋವಿಂದಪ್ಪ ತನ್ನ ಬೆರಳು ನೋಡಿಕೊಂಡ. ಅಹ್ಮದಸಾಬ ಲಕ್ಕವ್ವನ ಕಡೆ ತಿರುಗಿ, ಅವಳ ಎಡಗೈಯಿಂದ ಅವಳದೇ ಬಲ ಮುಂಗೈ ಹಿಡಿದು ಬಲಗೈ ಮುಷ್ಟಿ ಕಟ್ಟಲು ಹೇಳಿದ. ಅವಳ ಅಂಗೈಯ ಕೆಳಗೆ ಮಾಂಸ ಬಿಗಿಯಾಯಿತು. ಮುಷ್ಟಿ ಬಿಟ್ಟಾಗ ಮೆತ್ತಗಾಯಿತು.

"ಬೆರಳಿನ್ಯಾಗ ಮಾಂಸಖಂಡ ಇಲ್ಲ, ತಂಗಿ," ಎಂದ. "ಎಲುಬು, ಹುರಿ ಅಷ್ಟ. ಆ ಹುರಿ ಜಗ್ಗೂ ಮಾಂಸಖಂಡ ಮುಂಗೈಯಾಗ ಅದಾವ. ಮಗ್ಗದ ಕುಣಿಯಾಗ ಕಾಲಿಲೆ ಹಲಗಿ ಒತ್ತಿದ್ರ ಮ್ಯಾಲ ನೂಲಿನ ಎಳಿ ಏಳೂದಿಲ್ಲೇನು, ಹಂಗ."

ಮಾಂಸಖಂಡಕ್ಕೆ ಜಗ್ಗುವುದೊಂದೇ ಗೊತ್ತು, ದೂಡಲು ಬಾರದು ಎಂದೂ ತಿಳಿಸಿದ. ಅದಕ್ಕೇ ಅವು ಜೋಡಿಯಾಗಿವೆ. ಮುಂಗೈಯ ಒಳಮೈಯವು ಬೆರಳು ಮಡಚುತ್ತವೆ, ಹೊರಮೈಯವು ಬಿಡಿಸುತ್ತವೆ. ರಟ್ಟೆಯ ಮುಂದಿನದು ಮೊಣಕೈ ಮಡಚುತ್ತದೆ, ಹಿಂದಿನದು ಚಾಚುತ್ತದೆ. ಎಲ್ಲಕ್ಕೂ ರಕ್ತವೇ ಊಟ. ಇವುಗಳನ್ನು ಸುತ್ತಿರುವ ಪೊರೆ ಹಿಗ್ಗುವುದಿಲ್ಲ. ಒಳಗಿನಿಂದ ಬಾವು, ಹೊರಗಿನಿಂದ ದಾರ, ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹೋಗುವುದೆಲ್ಲಿಂದ? ಕೆಲವೇ ತಾಸಿನಲ್ಲಿ ಅದು ಸಾಯುತ್ತದೆ. ಆಮೇಲೆ ಬೆರಳುಗಳು ಮಡಚಿಕೊಂಡೇ ಉಳಿಯುತ್ತವೆ.

ಅತಿಯಾದರೆ ಅಮೃತವೂ ವಿಷ. ಲಕ್ಕವ್ವ ತನ್ನ ಎರಡೂ ಕೈ ನೋಡಿಕೊಂಡಳು. ದಾರ ಜಗ್ಗಿ ಸುತ್ತಿದ್ದು ಆ ಕೈಗಳೇ. ಗೋವಿಂದಪ್ಪ ಅವಳ ಮುಖ ನೋಡಿ ಕೈ ಮುಂದೆ ಚಾಚಿದ.

"ತಪ್ಪು ನಂದು. ಬಿಚ್ಚು," ಎಂದ.

ಅವಳು ದಾರ ಕತ್ತರಿಸಿದಳು. ಅಹ್ಮದಸಾಬ ಬಟ್ಟೆಯನ್ನೂ ಚರ್ಮದವರೆಗೆ ಬಿಡಿಸಿ, ಕೈ ಅಲುಗದಂತೆ ದಬ್ಬೆಯ ಮೇಲೆಯೇ ಇಟ್ಟ. ಸ್ವಲ್ಪ ಹೊತ್ತಿಗೆ ಬೆರಳಿಗೆ ಬಣ್ಣ ಮರಳತೊಡಗಿತು. ಆದರೂ ಅವನು ಸುಮ್ಮನಿರಲಿಲ್ಲ. ಡಾಕ್ಟರು ನೋಡಲೇಬೇಕೆಂದು ಆಗಲೇ ಗಾಡಿ ಹೂಡಿಸಿ ಹುನಗುಂದಕ್ಕೆ ಕರೆದೊಯ್ದ.

ನಾಲ್ಕು ತಿಂಗಳಿಗೆ ಗೋವಿಂದಪ್ಪ ಮತ್ತೆ ಲಾಳಿ ಹಿಡಿದ. ಆದರೆ ಕಿರುಬೆರಳು ಮಾತ್ರ ನೆಟ್ಟಗಾಗಲೇ ಇಲ್ಲ. ಮುಂಗೈಯಲ್ಲಿ ಸ್ವಲ್ಪ ಮಾಂಸ ಅಷ್ಟರಲ್ಲೇ ಸತ್ತಿತ್ತು. ಊಟಕ್ಕೆ ಬಡಿಸುವಾಗಲೆಲ್ಲ ಲಕ್ಕವ್ವನ ಕಣ್ಣು ಆ ಬೆರಳಿನ ಮೇಲೆ ಹೋಗುತ್ತಿತ್ತು. ಅವನು ಒಂದು ದಿನವೂ ಅವಳನ್ನು ದೂರಲಿಲ್ಲ. ಅದೇ ಅವಳಿಗೆ ಹೆಚ್ಚು ನೋಯುತ್ತಿತ್ತು.

ಇದನ್ನು ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈಗಲೇ ನಿಮ್ಮ ಮುಂಗೈ ಹಿಡಿದು ಮುಷ್ಟಿ ಕಟ್ಟಿ ನೋಡಿರಿ. ಜೀವ ಅಲ್ಲಿ ಮಿಸುಕುತ್ತದೆ. ಕೈಗೆ ಕಟ್ಟು ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಮತ್ತೆ ಮತ್ತೆ ಬೆರಳು ನೋಡಿರಿ. ನೋವು ಏರುತ್ತಿದ್ದರೆ, ಬೆರಳು ಬಿಳಿಚಿದರೆ ಅಥವಾ ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ಬೆರಳು ನೆಟ್ಟಗೆ ಮಾಡಿದಾಗ ಮುಂಗೈಯಲ್ಲಿ ನೋವಾದರೆ ಬೆಳಗಾಗಲಿ ಎಂದು ಕಾಯಬೇಡಿರಿ. ಕಟ್ಟು ಸಡಿಲಿಸಿ, ಕೂಡಲೇ ದವಾಖಾನೆಗೆ ಕರೆದೊಯ್ಯಿರಿ. ಮುರಿದ ಎಲುಬು ಕೂಡುತ್ತದೆ. ಸತ್ತ ಮಾಂಸ ಮರಳಿ ಬರುವುದಿಲ್ಲ.